ಪಂಡಿತರ ಮನೆಯ ಜೋಳದ ರತ್ನಗಂಬಳಿ

ಹೆಮ್ಮೆಪಡುವುದಕ್ಕೆ ಗಂಡಸಿಗೆ ದೊಡ್ಡ ಕಾರಣವೇನೂ ಬೇಕಾಗಿಲ್ಲ. ಒಬ್ಬನಿಗೆ ಮೀಸೆ ಸಾಕು, ಇನ್ನೊಬ್ಬನಿಗೆ ಹಳೆಯ ಸ್ಕೂಟರು. ಎರಡೂ ಇಲ್ಲದವನು ತಾತನ ಫೋಟೋ ಒರೆಸಿ ಗೋಡೆಗೆ ಹಾಕಿಕೊಳ್ಳುತ್ತಾನೆ. ನಮ್ಮ ಪಂಡಿತನಿಗೆ ಇದ್ದದ್ದು ಒಂದು ಕಾರ್ಪೆಟ್ಟು.

ಹಾಗೆ ಕಾರ್ಪೆಟ್ಟು ಎಂದರೆ ಅವನಿಗೆ ಮೈಯೆಲ್ಲ ಉರಿ. “ರತ್ನಗಂಬಳಿ ಅನ್ನಿ, ನಾಲಿಗೆಯೇನೂ ಸವೆದುಹೋಗಲ್ಲ” ಎನ್ನುತ್ತಿದ್ದ. (ಅದರಲ್ಲಿ ರತ್ನವೂ ಇರಲಿಲ್ಲ, ಕಂಬಳಿಯೂ ಇರಲಿಲ್ಲ, ಇದ್ದದ್ದು ಮೆಕ್ಕೆಜೋಳ. ಆ ವಿಚಾರ ಈಗಲೇ ಬರುತ್ತದೆ.)

ಪಂಡಿತ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಪೇಟೆಬೀದಿಯ ನೆಲಹಾಸಿನ ಮಳಿಗೆಯಲ್ಲಿ ಅವನು ಸೇಲ್ಸ್‌ಮನ್. ಗಿರಾಕಿ ಗಾಜಿನ ಬಾಗಿಲು ದೂಡಿ ಒಂದು ಕಾಲು ಒಳಗಿಡುವಷ್ಟರಲ್ಲಿ ಇವನು ನೂಲಿನ ವಂಶಾವಳಿ ಹೇಳಲು ಶುರುಮಾಡುತ್ತಿದ್ದುದರಿಂದ ಹಾಸಿಗೆ ವಿಭಾಗದವರು ಗೇಲಿಗೆಂದು ಆ ಹೆಸರು ಕಟ್ಟಿದರು. ಇವನು ಅದನ್ನು ಬಿರುದೆಂದು ಸ್ವೀಕರಿಸಿದ. ಗೇಲಿ ಮಾಡಿದವರು ಬೇಸತ್ತು ಬಿಟ್ಟರು, ಬಿರುದು ಉಳಿಯಿತು.

“ಇದು ಸಾಮಾನ್ಯ ಪ್ಲಾಸ್ಟಿಕ್ ನೂಲಲ್ಲಮ್ಮಾ,” ಎಂದು ಪಂಡಿತ ದಿನವೂ ಸಾರುತ್ತಿದ್ದ. “ಹೊಲದಲ್ಲಿ ಬೆಳೆದ ಮೆಕ್ಕೆಜೋಳ! ಜೋಳದಿಂದ ಸಕ್ಕರೆ, ಸಕ್ಕರೆಯಿಂದ ನೂಲು, ನೂಲಿನಿಂದ ನಿಮ್ಮ ಪಾದಕ್ಕೆ ಸುಖ. ಗಿಡದ ಮಗು ಇದು. ಇದರ ಮೇಲೆ ಕಲೆ ಕೂರಲ್ಲ.”

ಹೀಗೆಂದು ಹಲಗೆಗೆ ಮೊಳೆ ಹೊಡೆದಿಟ್ಟ ಮಾದರಿ ತುಂಡೊಂದನ್ನು ಎಳೆದು, ಅದರ ಮೇಲೆ ಅರ್ಧ ಲೋಟ ಚಹಾ ಸುರಿಯುತ್ತಿದ್ದ. ಗಿರಾಕಿಗಳು ‘ಅಯ್ಯೋ’ ಎನ್ನುವರು. ಪಂಡಿತ ಒದ್ದೆ ಮಾಡಿದ ಬಿಳಿಬಟ್ಟೆ ತೆಗೆದುಕೊಂಡು, “ಉಜ್ಜಬಾರದು, ಒತ್ತಬೇಕು. ಮಗುವಿನ ಬಾಯಿ ಒರೆಸಿದ ಹಾಗೆ. ಕಲೆ ತೆಗೆಯೋದೂ ಒಂದು ಕಲೆ ಸಾರ್!” ಎನ್ನುತ್ತ ಒತ್ತಿ ಎತ್ತುವನು. ಚಹಾ ಮಾಯ! ಗಿರಾಕಿಗಳು ‘ಆಹಾ’ ಎನ್ನುವರು. ಆ ಅಯ್ಯೋಗೂ ಈ ಆಹಾಗೂ ನಡುವಿನ ಗಳಿಗೆಯಲ್ಲಿ ಪಂಡಿತನಿಗೆ ತಾನು ಸೇಲ್ಸ್‌ಮನ್ ಎಂಬುದೇ ಮರೆತುಹೋಗುತ್ತಿತ್ತು. ಆಮೇಲೆ ಆ ತುಂಡು ಹಿಂಬದಿಯ ಕಸದ ಡಬ್ಬಕ್ಕೆ ಹೋಗುತ್ತಿತ್ತು. ಮುಂದಿನ ಗಿರಾಕಿಗೆ ಹೊಸ ತುಂಡು. ಅಂದರೆ, ಒರೆಸಿದ ತುಂಡು ಮಾರನೆಯ ದಿನ ಹೇಗಿರುತ್ತದೆ ಎಂಬುದನ್ನು ನಮ್ಮ ಪಂಡಿತ ಜನ್ಮದಲ್ಲಿ ನೋಡಿರಲಿಲ್ಲ.

ಅಂಥದೇ ನೂಲಿನ ದೊಡ್ಡ ಹಾಸೊಂದು, ಕೊನೆಯ ಸುರುಳಿಯಲ್ಲಿ ಉಳಿದದ್ದು, ಸಿಬ್ಬಂದಿಗೆಂದು ಅಗ್ಗಕ್ಕೆ ಸಿಕ್ಕಿ ಅವನ ಮನೆ ಸೇರಿತ್ತು. ಮನೆಯ ಹಾಲ್ ಹಾಸಿಗಿಂತ ಚಿಕ್ಕದು. ಆದ್ದರಿಂದ ರತ್ನಗಂಬಳಿ ಒಂದು ಕಡೆ ಗೋಡೆಯನ್ನು ಗೇಣುದ್ದ ಹತ್ತಿ ನಿಂತಿತ್ತು. ಅದನ್ನು ಕತ್ತರಿಸೋಣ ಎಂದ ಹೆಂಡತಿಯ ಜೊತೆ ಪಂಡಿತ ವಾರಗಟ್ಟಲೆ ಸರಿಯಾಗಿ ಮಾತಾಡಿರಲಿಲ್ಲ.

ಹೆಂಡತಿ ಶಿಶುವಿಹಾರದಲ್ಲಿ ಮಿಸ್ಸು. ದಿನವಿಡೀ ಮೂಗು ಸೋರುವ ಪುಟಾಣಿಗಳ ಜೊತೆ ಏಗಿ ಬಂದು, ಅದೇ ದನಿಯಲ್ಲಿ ಗಂಡನನ್ನೂ ಮಾತಾಡಿಸುವುದು ಅವಳಿಗೆ ಅಭ್ಯಾಸವಾಗಿತ್ತು. ಮೂರನೆಯವರು ಪಂಡಿತನ ಅಮ್ಮ; ಮೊಣಕಾಲು ನೋವಿನವರು, ಹಾಲ್‌ನ ಕುರ್ಚಿಯಲ್ಲಿ ಕೂತು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಮನೆಯ ಆಗುಹೋಗುಗಳಿಗೆ ತೀರ್ಪು ಕೊಡುವವರು.

“ಅಲ್ಲಾ ರೀ,” ಎಂದಳು ಒಂದು ದಿನ ಹೆಂಡತಿ, “ಕಲೆ ಕೂರಲ್ಲ ಅಂತ ಊರಿಗೆಲ್ಲ ಡಂಗುರ ಹೊಡೀತೀರಿ. ನಾನು ಇದರ ಮೇಲೆ ಕೂತು ಕಾಫಿ ಕುಡಿದ್ರೆ ಏನಾಗತ್ತೆ?”

“ಏನೂ ಆಗಲ್ಲ.”

“ಹಾಗಾದ್ರೆ ಕುಡೀತೀನಿ.”

“ಕುಡೀಬೇಡ.”

“ಯಾಕೆ?”

“ಏನೂ ಆಗಲ್ಲ ಅನ್ನೋದು ನಂಬಿಕೆ ಕಣೇ. ನಂಬಿಕೇನ ಪರೀಕ್ಷೆ ಮಾಡಬಾರದು.”

ಅಮ್ಮನ ಚಿಂತೆಯೇ ಬೇರೆ. “ಜೋಳದ್ದು ಅಂತೀಯಲ್ಲೋ, ಇಲಿ ಬಂದು ತಿಂದುಹಾಕಿದ್ರೆ?”

“ಅಮ್ಮಾ, ಇದು ತಿನ್ನೋ ಜೋಳ ಅಲ್ಲ.”

“ತಿನ್ನೋಕಾಗದ ಜೋಳಾನ ಅದ್ಯಾವ ಪುಣ್ಯಾತ್ಮ ಬೆಳೆದನಪ್ಪಾ?”

ಈ ಪ್ರಶ್ನೆಯನ್ನು ಯಾವ ಗಿರಾಕಿಯೂ ಕೇಳಿರಲಿಲ್ಲವಾದ್ದರಿಂದ ಪಂಡಿತ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಹೀಗಿರುವಾಗ ಮಳಿಗೆಯ ಒಡತಿ (ಎಲ್ಲರೂ ‘ಮೇಡಂ’ ಎನ್ನುವುದು) ಒಂದು ಹೊಸ ಹುದ್ದೆ ಸೃಷ್ಟಿಸಿದರು. ಆರೈಕೆ ತರಬೇತುದಾರ! ಕಾರ್ಪೆಟ್ಟು ಕೊಂಡವರಿಗೆ ಅದನ್ನು ಶುಚಿಯಾಗಿಡುವ ವಿದ್ಯೆ ಕಲಿಸುವವನು. ಅವನಿಗೊಂದು ಮೇಜು. ಮೇಜಿನ ಹಿಂದೆ ಒಂದು ಕುರ್ಚಿ. ಈ ಕುರ್ಚಿ ಎಂಬ ಮಾತು ಕೇಳಿದ್ದೇ ಪಂಡಿತನ ಎರಡೂ ಹಿಮ್ಮಡಿಗಳಲ್ಲಿ ಆಸೆ ಚಿಗುರಿತು. ಬೆಳಗಿನಿಂದ ಸಂಜೆಯವರೆಗೆ ನಿಂತೇ ಮಾತಾಡುವ ಕೆಲಸ ಅವನದು. ಮೆತ್ತನೆಯ ಹಾಸು ಮಾರುವವನ ಕಾಲಿಗೇ ಕಲ್ಲಿನ ನೆಲ.

“ನಿಮ್ಮ ಮನೇಲೂ ಅದನ್ನೇ ಹಾಸಿದ್ದೀರಲ್ವಾ?” ಎಂದರು ಮೇಡಂ. “ಭಾನುವಾರ ಸಂಜೆ ಬರ್ತೀನಿ. ಮಾರೋನ ಮನೇಲಿ ಅದು ಹೇಗಿದೆ ಅಂತ ನೋಡಿಯೇ ತೀರ್ಮಾನ.”

ಪಂಡಿತ ಆ ದಿನ ನೆಲದ ಮೇಲೆ ನಡೆಯಲಿಲ್ಲ. ತೀರ್ಮಾನ ಆಗುವುದಕ್ಕೆ ಮುಂಚೆಯೇ ಕಟ್ಟಡಕ್ಕೆಲ್ಲ ಸುದ್ದಿ ಹಂಚಿದ. ಕೆಳಮನೆಯ ನಿವೃತ್ತ ಮೇಷ್ಟ್ರು ಮೆಟ್ಟಿಲ ಬಳಿ ಸಿಕ್ಕು, “ಹಾಗಾದ್ರೆ ಈಗಲೇ ‘ತರಬೇತುದಾರರೇ’ ಅನ್ನಬಹುದೋ?” ಎಂದು ಕಣ್ಣು ಮಿಟುಕಿಸಿದರು.

“ಅನ್ನಿ ಸಾರ್, ಬಾಯಿಗೆ ಅಭ್ಯಾಸ ಆಗಲಿ” ಎಂದ ಪಂಡಿತ.

ಭಾನುವಾರ ಬೆಳಿಗ್ಗೆ ಹೆಂಡತಿ ಬಿಸ್ಕತ್ತು, ಹಣ್ಣು ತರಲು ಪೇಟೆಗೆ ಹೋದಳು. ಅಮ್ಮ ಒಳಗೆ ಮಲಗಿದ್ದರು. ಪಂಡಿತ ಬಾಗಿಲ ಬಳಿ ನಿಂತು, ಮೇಡಂ ಕಣ್ಣಿನಿಂದ ತನ್ನ ರತ್ನಗಂಬಳಿಯನ್ನು ನೋಡಿದ. ಎದೆ ಉಬ್ಬಿತು. ಮೇಡಂ ಕಣ್ಣಿನಿಂದಲೇ ಇನ್ನೊಂದು ಸಲ ನೋಡಿದ. ಅಮ್ಮನ ಕುರ್ಚಿಯ ಮುಂದೆ ಬಟಾಣಿ ಕಾಳಿನಷ್ಟು ಒಂದು ಕಲೆ ಕಂಡಿತು.

ಬಟಾಣಿ ಕಾಳು! ಅದನ್ನು ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಪಂಡಿತ ಬಿಳಿಬಟ್ಟೆ ಒದ್ದೆ ಮಾಡಿಕೊಂಡು ಮಂಡಿಯೂರಿದ. ಉಜ್ಜಲಿಲ್ಲ, ಒತ್ತಿದ. ಎತ್ತಿ ನೋಡಿದ. ಕಲೆ ಹಾಗೆಯೇ ಇತ್ತು. ಮತ್ತೆ ಒತ್ತಿದ. ಮೈಭಾರ ಬಿಟ್ಟು ಒತ್ತಿದ. ಕೊನೆಗೆ ನಿಂತು ತುಳಿದ. ಕಲೆ ಕದಲಲಿಲ್ಲ.

ಕದಲುವುದು ಹೇಗೆ? ಅದು ಅಮ್ಮನ ಮೊಣಕಾಲಿನ ಎಣ್ಣೆ. ಪಂಡಿತ ಈವರೆಗೆ ಕಂಡದ್ದೆಲ್ಲ ನೀರು ಕಂಡರೆ ಓಡಿಹೋಗುವ ಚಹಾ ಜಾತಿಯ ಕಲೆ. ಈ ನೂಲಿನ ಸ್ವಭಾವವೇ ವಿಚಿತ್ರ. ಚಹಾ, ಹಾಲು, ಹಣ್ಣಿನ ರಸವನ್ನೆಲ್ಲ ಬಾಗಿಲಲ್ಲೇ ತಡೆದು ಕಳಿಸುತ್ತದೆ. ಎಣ್ಣೆ ಬಂತೋ, ತವರಿನ ನೆಂಟರು ಬಂದ ಹಾಗೆ ಒಳಗೆ ಕರೆದು ಕೂರಿಸಿಕೊಳ್ಳುತ್ತದೆ. ನೂಲು ತಯಾರಿಸುವ ಕಂಪನಿಯವರು ಮಳಿಗೆಗೆ ಬಂದು ಇದನ್ನು ಬಿಡಿಸಿ ಹೇಳಿದ್ದರು. ಆ ಹೊತ್ತಿಗೆ ಪಂಡಿತ ಪಕ್ಕದವನಿಗೆ ಪಾಠ ಹೇಳುತ್ತಿದ್ದ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವುದು ಪಂಡಿತರ ಲಕ್ಷಣ. ಅಡುಗೆಮನೆಯಿಂದ ಪಾತ್ರೆ ತೊಳೆಯುವ ಸೋಪಿನ ಬಾಟಲು ಬಂತು, ಜೊತೆಗೆ ಬ್ರಷ್ಷೂ ಬಂತು. ಒತ್ತುವ ಧರ್ಮವನ್ನು ಬಿಟ್ಟು ಅವನು ಉಜ್ಜಿದ. ಪಾಪ ಮಾಡಿದರೂ ಫಲ ಸಿಕ್ಕಿತು: ಎಣ್ಣೆ ಹೋಯಿತು. ಆದರೆ ಅದು ಇದ್ದ ಕಡೆ ಊಟದ ತಟ್ಟೆಯಷ್ಟಗಲ ಒಂದು ಅಚ್ಚ ಬಿಳಿಯ ಚಂದ್ರ ಮೂಡಿತು.

ಪಂಡಿತ ಗಾಬರಿಯಾದ. ತನ್ನ ರತ್ನಗಂಬಳಿಯದು ಕೆನೆ ಬಣ್ಣ ಎಂದು ಅವನು ಇಷ್ಟು ದಿನ ನಂಬಿದ್ದ, ನಾಲ್ಕು ಜನರಿಗೆ ಹೇಳಿಯೂ ಇದ್ದ. ಈಗ ನೋಡಿದರೆ ಅದು ಕೆನೆಯಲ್ಲ, ಬೀದಿಯ ಬಣ್ಣ. ಚಂದ್ರನೊಬ್ಬನೇ ಸತ್ಯ ಹೇಳುತ್ತಿದ್ದ. ಉಳಿದ ಆಕಾಶವೆಲ್ಲ ಧೂಳು.

ಇನ್ನೇನು ಮಾಡುವುದು? ಆಕಾಶವನ್ನೂ ತೊಳೆಯಲು ಕೂತ.

ಹೆಂಡತಿ ಬಂದು ಬಾಗಿಲು ತೆಗೆದಾಗ ಹಾಲ್‌ನಲ್ಲಿ ಮೊಣಕಾಲುದ್ದ ನೊರೆ. ನೊರೆಯ ನಡುವೆ, ಪ್ಯಾಂಟು ಮಡಿಚಿಕೊಂಡು, ಗಂಡ.

“ಇದೇನ್ರೀ, ಮೋಡ ಮನೆಯೊಳಗೇ ಇಳಿದಿದೆ?”

“ಆರೈಕೆ ನಡೀತಿದೆ. ಮೆಟ್ಟಬೇಡ.”

ಅವಳು ಚೀಲ ಕೆಳಗಿಟ್ಟು ಶಿಶುವಿಹಾರದ ದನಿ ತೆಗೆದಳು. “ಈ ಕಡೆ ನೋಡಿ. ನನ್ನ ಮುಖ ನೋಡಿ. ಎಷ್ಟು ಸೋಪು ಹಾಕಿದ್ರಿ?”

“ಸ್ವಲ್ಪ.”

“ಸ್ವಲ್ಪ ಅಂದ್ರೆ?”

“ಬಾಟ್ಲೇ ಚಿಕ್ಕದಿತ್ತು.”

“ಹಾಕಿದ ಸೋಪನ್ನ ತೆಗೆಯೋದು ಹೇಗೆ ಅಂತ ಗೊತ್ತಾ?”

ಪಂಡಿತ ಬ್ರಷ್ಷು ಹಿಡಿದು ಯೋಚಿಸಿದ. ಮಳಿಗೆಯಲ್ಲಿ ಈ ಘಟ್ಟಕ್ಕೆ ಬರುವಷ್ಟರಲ್ಲಿ ತುಂಡು ಕಸದ ಡಬ್ಬ ಸೇರಿರುತ್ತಿತ್ತು. ಇಡೀ ಹಾಲ್ ಹಾಸನ್ನು ಹಾಕುವಂಥ ಡಬ್ಬ ಮನೆಯಲ್ಲಿರಲಿಲ್ಲ.

ನೀರು ಹಾಕಿ ಒತ್ತಿದಷ್ಟೂ ನೊರೆ ಹೊಸದಾಗಿ ಹುಟ್ಟುತ್ತಿತ್ತು. ಕೊನೆಗೆ ಗಂಡಹೆಂಡಿರು ಹಾಸಿನ ಎರಡು ಮೂಲೆ ಹಿಡಿದು ಎಳೆದು, ಬಾಲ್ಕನಿಯ ಕಂಬಿಗೆ ನೇತುಹಾಕಿ ಬಕೆಟ್ಟಿನಿಂದ ನೀರು ಹೊಯ್ದರು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಮೇಷ್ಟ್ರ ದನಿ ಬಂತು.

“ತರಬೇತುದಾರರೇ! ನಾನು ತಲೆಗೆ ಸೋಪು ಹಚ್ಚೋದು ಬಿಟ್ಟು ಎಷ್ಟೋ ವರ್ಷ ಆಯ್ತು. ಹಚ್ಚೋಕೆ ಕೂದಲಿಲ್ಲ. ಇವತ್ತು ತಾವು ಯಾಕೆ ಶ್ರಮ ತಗೊಂಡ್ರಿ?”

“ಕ್ಷಮಿಸಿ ಸಾರ್, ಪ್ರಾತ್ಯಕ್ಷಿಕೆ!”

“ಪೇಪರು ಓದ್ತಾ ಕೂತಿದ್ದೆ. ಈಗ ಪೇಪರು ಕುಡೀಬೇಕಷ್ಟೆ!”

ಮಧ್ಯಾಹ್ನ ದಾಟಿತು. ಹಾಸು ಬೆಳ್ಳಗಾಗಿತ್ತು, ಸುಳ್ಳು ಹೇಳಬಾರದು. ಆದರೆ ನೀರು ಕುಡಿದ ಎಮ್ಮೆಯ ಹಾಗೆ ಭಾರವಾಗಿತ್ತು. ಒಳಗೆಳೆದು ಹಾಸಿ ಫ್ಯಾನು ಹಾಕಿದರು. ಕಾಲಿಟ್ಟರೆ ‘ಪಚಕ್’ ಎನ್ನುತ್ತಿತ್ತು. ಮೇಡಂ ಬರುವ ಹೊತ್ತು ಹತ್ತಿರವಾಗುತ್ತಿತ್ತು. ಆಗ ಪಂಡಿತನ ತಲೆಯಲ್ಲಿ ಮಿಂಚು ಹೊಡೆಯಿತು. ಹೋಗಿ ಇಸ್ತ್ರಿಪೆಟ್ಟಿಗೆ ತಂದ.

ಹೆಂಡತಿ ಅಡ್ಡ ನಿಂತಳು. “ಬೇಡ್ರೀ. ನೂಲು ಕರಗಿದ್ರೆ?”

“ಕರಗೋಕೆ ಇದೇನು ಮೇಣಾನಾ? ಗಿಡದ್ದು ಕಣೇ. ನೀನು ಹತ್ತಿ ಸೀರೆಗೆ ಇಸ್ತ್ರಿ ಹಾಕಲ್ವಾ?”

“ಹಾಕ್ತೀನಿ.”

“ಹತ್ತಿ ಎಲ್ಲಿ ಬಿಡತ್ತೆ?”

“ಗಿಡದಲ್ಲಿ.”

“ಜೋಳ ಎಲ್ಲಿ ಬಿಡತ್ತೆ?”

“ಗಿಡದಲ್ಲೇ. ಆದ್ರೆ...”

“ಆದ್ರೆ ಗೀದ್ರೆ ಇಲ್ಲ. ತರ್ಕ ಅಂದ್ರೆ ಇದು!” ಎಂದು ಪಂಡಿತ ಪೆಟ್ಟಿಗೆಯ ಗುಂಡಿಯನ್ನು ‘ಹತ್ತಿ’ ಎಂಬ ಗುರುತಿಗೆ ತಿರುಗಿಸಿದ. ಗಿಡದ ಮಗು, ಗಿಡದ ಮಗು ಎಂದು ದಿನಾ ಹೇಳಿ ಹೇಳಿ, ಆ ಮಗುವನ್ನು ಹೆತ್ತದ್ದು ಕಾರ್ಖಾನೆ ಎಂಬುದು ಅವನಿಗೆ ಮರೆತೇಹೋಗಿತ್ತು.

ಪೆಟ್ಟಿಗೆ ಹಾಸನ್ನು ಮುಟ್ಟಿತು. ‘ಸುಯ್’ ಎಂದಿತು. ಮೊದಲು ಆವಿ, ಆಮೇಲೆ ಹೊಗೆ. ಪಂಡಿತ ಬೆಚ್ಚಿ ಎತ್ತಿದ. ಪೆಟ್ಟಿಗೆಯ ಜೊತೆ ಎಳೆ ಎಳೆಯಾಗಿ ಏನೋ ಎದ್ದುಬಂತು. ಸಕ್ಕರೆಯಿಂದ ಹುಟ್ಟಿದ್ದು ಸಕ್ಕರೆ ಪಾಕವಾಗಿ ತವರಿಗೆ ಮರಳಿತ್ತು. ನೆಲದ ಮೇಲೆ ಉಳಿದದ್ದು ಇಸ್ತ್ರಿಪೆಟ್ಟಿಗೆಯ ತದ್ರೂಪು. ಹಳದಿಗಟ್ಟಿದ, ಗಾಜಿನಂತೆ ಗಟ್ಟಿಯಾದ ಒಂದು ಮುದ್ರೆ.

ವಾಸನೆಗೆ ಎದ್ದುಬಂದ ಅಮ್ಮ ಬಾಗಿಲಲ್ಲಿ ನಿಂತು ನೋಡಿದರು. “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರು ಅಂತ ಕೇಳಿದ್ದೆ ಕಣೋ. ಕಣ್ಣಾರೆ ನೋಡಿದ್ದು ಇವತ್ತೇ.”

ಸಂಜೆಗೆ ಉಳಿದದ್ದು ಒಂದೇ ಉಪಾಯ. ಅಮ್ಮನ ಕುರ್ಚಿಯನ್ನು ಸುಟ್ಟ ಜಾಗದ ಮೇಲಿಟ್ಟು, ಅಮ್ಮನನ್ನು ಅದರ ಮೇಲೆ ಕೂರಿಸಿ, ಸೀರೆಯ ನೆರಿಗೆ ಇಳಿಬಿಟ್ಟು ಮುಚ್ಚಿದ್ದಾಯಿತು.

“ಅಮ್ಮಾ, ಭೂಕಂಪ ಆದ್ರೂ ಏಳಬೇಡ.”

“ಬಾತ್‌ರೂಮಿಗೆ ಅವಸರ ಆದ್ರೆ?”

“ಈಗಲೇ ಹೋಗಿ ಬಾ.”

ಮೇಡಂ ಬಂದರು. ‘ಪಚಕ್, ಪಚಕ್’ ಎಂದು ನಡೆದು ಸೋಫಾ ತಲುಪಿದರು. ಕಾಲನ್ನೊಮ್ಮೆ ನೋಡಿಕೊಂಡರು. “ಬಣ್ಣ ಚೆನ್ನಾಗಿ ಉಳಿದಿದೆ” ಎಂದರು. ಪಂಡಿತನಿಗೆ ಕುರ್ಚಿಯ ಒಂದು ಕಾಲು ಕೈಗೆ ಸಿಕ್ಕಂತಾಯಿತು. ಬಿಸ್ಕತ್ತು ತಿಂದರು. ಅಮ್ಮನ ಕಡೆ ತಿರುಗಿ, “ನಿಮ್ಮ ಮಗನಿಗೆ ಬಾಯಿ ಸ್ವಲ್ಪ ಜಾಸ್ತಿ. ಆದ್ರೆ ಕೆಲಸದ ಮೇಲೆ ಅವರಷ್ಟು ಪ್ರೀತಿ ಇರೋರು ನಮ್ಮಲ್ಲಿ ಇನ್ನೊಬ್ಬರಿಲ್ಲ” ಎಂದರು.

ಹೆತ್ತ ಹೊಟ್ಟೆ ಸುಮ್ಮನಿರುತ್ತದೆಯೇ? “ಚಿಕ್ಕೋನಿದ್ದಾಗಿಂದಲೂ ಹಾಗೇ! ಭಾಷಣ ಸ್ಪರ್ಧೇಲಿ ಕಪ್ಪು ಗೆದ್ದಿದ್ದಾನೆ ಮೇಡಂ, ಇರಿ ತೋರಿಸ್ತೀನಿ” ಎಂದು ಅಮ್ಮ, ಮೊಣಕಾಲಿನ ನೋವನ್ನೂ ಮರೆತು, ಎದ್ದೇಬಿಟ್ಟರು. ಕುರ್ಚಿ ಹಿಂದಕ್ಕೆ ಸರಿಯಿತು.

ಇಸ್ತ್ರಿಪೆಟ್ಟಿಗೆಯ ಮುದ್ರೆ ದೀಪದ ಬೆಳಕಿಗೆ ಥಳಥಳ ಹೊಳೆಯಿತು. ಅದರ ಚೂಪು ತುದಿ ನೇರವಾಗಿ ಪಂಡಿತನ ಕಡೆಗೇ ಇತ್ತು.

ಮೇಡಂ ಎದ್ದು ಹೋಗಿ ಬಗ್ಗಿ ನೋಡಿದರು. ಹುಬ್ಬು ಗಂಟಿಕ್ಕಿತು. “ಏನಿದು? ನೂಲೇ ಸರಿಯಿಲ್ವಾ? ಕೆಲವು ಸುರುಳಿ ಬಗ್ಗೆ ನನಗೂ ಅನುಮಾನ ಇತ್ತು. ತಾನಾಗೇ ಹೀಗಾಯ್ತು ಅನ್ನೋದಾದ್ರೆ ಹೇಳಿ, ಕಂಪನಿಯವರನ್ನ ನಾನು ವಿಚಾರಿಸ್ಕೋತೀನಿ.”

ಬಾಗಿಲು ತೆರೆದಿತ್ತು. ‘ಹೌದು ಮೇಡಂ, ತಾನಾಗೇ’ ಎಂದರೆ ಸಾಕು. ಮೇಜೂ ಕುರ್ಚಿಯೂ ಅವನದೇ. ಪಂಡಿತ ಬಾಯಿ ತೆರೆದ. ತನ್ನ ರತ್ನಗಂಬಳಿಯನ್ನು ನೋಡಿದ. ಎಣ್ಣೆ, ಸೋಪು, ಬ್ರಷ್ಷು, ಬಕೆಟ್ಟು, ಬೆಂಕಿ ಎಲ್ಲವನ್ನೂ ಒಂದೇ ದಿನದಲ್ಲಿ ಸಹಿಸಿಕೊಂಡು, ಉಳಿದ ಕಡೆಯೆಲ್ಲ ಬೆಳ್ಳಗೆ ನಗುತ್ತ ಮಲಗಿತ್ತು. ಅದರ ಮೇಲೆ ಚಾಡಿ ಹೇಳುವುದೇ?

“ನೂಲಿನ ತಪ್ಪೇನಿಲ್ಲ ಮೇಡಂ,” ಎಂದ ಪಂಡಿತ, ಎದೆ ಸೆಟೆಸಿ. “ಇದಕ್ಕಿಂತ ಒಳ್ಳೆ ನೂಲು ಭೂಮಿ ಮೇಲಿಲ್ಲ. ತಪ್ಪೆಲ್ಲ ನನ್ದು.”

ಶುರುಮಾಡಿದ ಮೇಲೆ ಅವನನ್ನು ತಡೆಯುವವರು ಯಾರು? ಭಾಷಣದ ಕಪ್ಪು ಸುಮ್ಮನೆ ಬಂದದ್ದಲ್ಲ. ಬಟಾಣಿ ಕಾಳಿನಿಂದ ಹಿಡಿದು ಮೇಷ್ಟ್ರ ಬೋಳುತಲೆಯವರೆಗೆ, ಹತ್ತಿ ಗಿಡದಿಂದ ಹಿಡಿದು ಸಕ್ಕರೆ ಪಾಕದವರೆಗೆ ಎಲ್ಲವನ್ನೂ ಹೇಳಿದ. ಎಲ್ಲೆಲ್ಲಿ ಎಡವಿದ್ದೆ ಎಂದು ಬೆರಳಿಟ್ಟು ತೋರಿಸಿದ. ಎಡವಿದ್ದರಲ್ಲೂ ಒಂದು ಗತ್ತಿತ್ತು. ಬಿಟ್ಟುಹೋದದ್ದನ್ನು ಹೆಂಡತಿ ತುಂಬಿದಳು. “ಬಾಟ್ಲಿನ ವಿಷಯ ಹೇಳ್ರೀ. ಚಿಕ್ಕದಲ್ಲ ಮೇಡಂ, ದೊಡ್ಡದೇ!”

ಮೇಡಂ ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. “ನೋಡಿ ಪಂಡಿತರೇ, ಹಾಳುಮಾಡ್ಕೊಂಡು ವಾಪಸ್ ತರ್ತಾರಲ್ಲ ಗಿರಾಕಿಗಳು, ಒಬ್ಬರೂ ಹೇಗಾಯ್ತು ಅಂತ ಬಾಯಿ ಬಿಡಲ್ಲ. ಕೇಳಿದ್ರೆ ‘ತಾನಾಗೇ ಆಯ್ತು’. ಹೇಗೆ ಹಾಳಾಗತ್ತೆ ಅಂತ ಗೊತ್ತಿಲ್ಲದೆ ಕಲಿಸೋದಾದ್ರೂ ಏನನ್ನ? ನೀವೊಬ್ಬರೇ ಒಂದೇ ದಿನದಲ್ಲಿ ಮಾಡಬಾರದ್ದನ್ನೆಲ್ಲ ಮಾಡಿ ಮುಗಿಸಿದ್ದೀರಿ. ಈ ಹುದ್ದೆಗೆ ನಿಮಗಿಂತ ಅರ್ಹರು ಯಾರಿದ್ದಾರೆ? ಹೊಸ ಹಾಸು ಕಳಿಸ್ತೀನಿ. ಇದನ್ನ ನಾನು ತಗೊಂಡು ಹೋಗ್ತೀನಿ.”

ಈಗ ಮಳಿಗೆಗೆ ಹೋದವರು ನೋಡಬಹುದು. ಒಳಗೋಡೆಯಲ್ಲಿ, ಮಹಾರಾಜರ ಪಟ ತೂಗುಹಾಕುವಷ್ಟು ಎತ್ತರದಲ್ಲಿ, ಆ ರತ್ನಗಂಬಳಿ ತೂಗುತ್ತಿದೆ. ಕೆಳಗೆ ಮೇಜು, ಮೇಜಿನ ಹಿಂದೆ ಕುರ್ಚಿ. ಕುರ್ಚಿ ಖಾಲಿ; ಯಾಕೆಂದರೆ ಪಂಡಿತ ಕೋಲು ಹಿಡಿದು ಹಾಸಿನ ಪಕ್ಕದಲ್ಲೇ ನಿಂತಿರುತ್ತಾನೆ. “ಇದು ಉಜ್ಜಿದ್ದು. ಇದು ಸೋಪು ಪೂರ್ತಿ ಹೋಗದೆ ಮತ್ತೆ ಧೂಳು ಹಿಡಿದದ್ದು. ಇದು ಬಿಸಿ ತಾಗಿಸಿದ್ದು” ಎಂದು ತೋರಿಸುತ್ತಾನೆ. ಗಿರಾಕಿಗಳು “ಅಯ್ಯಯ್ಯೋ, ಯಾವನ್ರೀ ಅವನು ಇಷ್ಟೆಲ್ಲ ಮಾಡಿದ ಭೂಪ?” ಎಂದೇ ಕೇಳುತ್ತಾರೆ. ‘ನಾನೇ’ ಎನ್ನಬೇಕೆಂಬುದು ಮೇಡಂ ಹಾಕಿದ ಷರತ್ತು. ಮೊದಮೊದಲು ಆ ಮಾತನ್ನು ಅವನು ಗೋಡೆಯ ಕಡೆ ತಿರುಗಿಕೊಂಡು ಹೇಳುತ್ತಿದ್ದ. ಈಗ ಹಾಗಿಲ್ಲ. ಸ್ವಲ್ಪ ತಡೆದು, ಎಲ್ಲರ ಮುಖ ನೋಡಿ, ಕೋಲನ್ನು ಕಂಕುಳಿಗೆ ಸೇರಿಸಿ, “ನಾನೇ!” ಎನ್ನುತ್ತಾನೆ. ಪದವಿ ಅಂದರೆ ಪದವಿ.

ಮನೆಗೆ ಹೊಸ ಹಾಸು ಬಂತು. ಅದರ ಜೊತೆಯಲ್ಲೇ ಹೆಂಡತಿಯ ಕಾನೂನೂ ಬಂತು: ಆರೈಕೆ ತರಬೇತುದಾರರು ಇದನ್ನು ಮುಟ್ಟತಕ್ಕದ್ದಲ್ಲ.

ಮೊನ್ನೆ ಒಂದು ಸಂಜೆ ಮನೆಗೆ ಗಿರಾಕಿಯೊಬ್ಬರ ಫೋನು. ಹಾಸಿನ ಮೇಲೆ ಅಡುಗೆ ಎಣ್ಣೆ ಚೆಲ್ಲಿದೆಯಂತೆ. ಪಂಡಿತ ಗಂಟಲು ಸರಿಮಾಡಿಕೊಂಡ. “ಹೆದರಬೇಡಿ ಸಾರ್. ಮೊದಲು ಒಣಬಟ್ಟೆಯಿಂದ ಒತ್ತಿ ಎಣ್ಣೆ ಹೀರಿಸಬೇಕು. ಆಮೇಲೆ ಒಂದೇ ಒಂದು ಹನಿ ಸೋಪು, ತಣ್ಣನೆ ನೀರು...”

“ಕಾಲು ಎತ್ರೀ” ಎಂದಳು ಹೆಂಡತಿ. ಪಂಡಿತ ಎರಡೂ ಕಾಲು ಎತ್ತಿದ. ಅವಳು ಕೆಳಗೆ ಒದ್ದೆಬಟ್ಟೆಯಿಂದ ಒಂದು ಮೂಲೆಯನ್ನು ಒತ್ತಿ ಒತ್ತಿ ಒರೆಸುತ್ತಿದ್ದಳು.

“ಸಾರ್, ಬ್ರಷ್ಷು ತಗೊಂಡು ಉಜ್ಜಿದ್ರೆ ಬೇಗ ಹೋಗಲ್ವಾ?” ಎಂದಿತು ಫೋನು. “ನನ್ನ ಕೈಯಲ್ಲೇ ಇದೆ.”

ಪಂಡಿತ ಕೂಗಿಕೊಂಡ. “ಕೆಳಗಿಡಿ ಸಾರ್! ನೀವು ಮಾತ್ರ ಮುಟ್ಟಬೇಡಿ. ನನ್ನ ಅನುಭವದಿಂದ ಹೇಳ್ತಿದ್ದೀನಿ. ಮನೆಯವರಿದ್ದಾರಾ? ಫೋನು ಅವರಿಗೆ ಕೊಡಿ.”

ಆ ಕಡೆ ಏನೋ ಗುಸುಗುಸು ನಡೆಯಿತು. ಆಮೇಲೆ ಗಿರಾಕಿಯ ದನಿ, ಸ್ವಲ್ಪ ಕುಗ್ಗಿ, ಮತ್ತೆ ಬಂತು.

“ಇಲ್ಲೇ ಇದ್ದಾರೆ ಸಾರ್. ಅವರು ನಿಮ್ಮ ಜೊತೆ ಮಾತಾಡಲ್ವಂತೆ. ಮೊನ್ನೆ ಮಳಿಗೆಗೆ ಬಂದು ನಿಮ್ಮ ಭಾಷಣ ಕೇಳಿದ್ದಾರಂತೆ. ಫೋನು ನಿಮ್ಮ ಮನೆಯವರಿಗೇ ಕೊಡಬೇಕಂತೆ.”

ಪಂಡಿತ ಎತ್ತಿದ ಕಾಲು ಇಳಿಸದೆ ಫೋನನ್ನು ಹೆಂಡತಿಯ ಕೈಗೆ ಕೊಟ್ಟ. ಕೊಡುವಾಗಲೂ ಹೆಮ್ಮೆ ಬಿಡಲಿಲ್ಲ.

“ಮಾತಾಡು,” ಎಂದ, “ನನ್ನ ಗಿರಾಕಿ.”